ಚೆಕ್‌ರೋಲ್ ಬರೆದ ಕೈಯಲ್ಲಿ ವಾಷಿಂಗ್ಟನ್ ಚರಿತ್ರೆ

ನಮ್ಮ ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವವರನ್ನು ‘ರೈಟರ್’ ಎನ್ನುತ್ತಾರೆ. ನಾನು 31 ವರ್ಷ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಚೆಕ್‌ರೋಲ್ ಎಂಬ ಕೂಲಿ ಲೆಕ್ಕದ ಪುಸ್ತಕ, ಮಳೆ ಬಿದ್ದ ದಿನವೆಲ್ಲ ಅದನ್ನು ಅಳೆದು ಇಂಚು, ಸೆಂಟಿನ ಲೆಕ್ಕದಲ್ಲಿ ಪುಸ್ತಕಕ್ಕೆ ಏರಿಸುವ ಕೆಲಸ. ನಿವೃತ್ತನಾದ ಮೇಲೆ ನಾಲ್ಕು ಮಳೆಗಾಲ ಕುಳಿತು ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದೆ.

ಅವರೇ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಒಂದು ಸಂಜೆ ಮಗಳು ಅವರ ದಿನಚರಿಯ ಪುಟವೊಂದನ್ನು ಮೊಬೈಲಿನಲ್ಲಿ ತೋರಿಸಿದಳು. ‘ನನ್ನ ಕಾಲ ಎಲ್ಲಿ, ಹೇಗೆ ಕಳೆಯಿತು’ ಎಂದು ತಲೆಬರಹ. ಕೆಳಗೆ ಗಾಳಿ, ಮಳೆ, ಯಾವ ಹೊಲದಲ್ಲಿ ಏನು ಕೆಲಸ. ಮಳೆ ಪುಸ್ತಕ ಬರೆದು ಬರೆದು ಬೆರಳು ಸವೆಸಿದ ನನಗೆ ಈ ಮನುಷ್ಯ ತಟ್ಟನೆ ಹತ್ತಿರದವರಾದರು. 1799ರ ಡಿಸೆಂಬರ್ 13ರಂದು, ಗಂಟಲು ನೋವು ಶುರುವಾದ ಮೇಲೂ, ಹಿಮ ಬಿದ್ದದ್ದನ್ನು ಬರೆದಿದ್ದಾರೆ. ಮರುದಿನ ರಾತ್ರಿ ತೀರಿಕೊಂಡರು. ಅವರ ಪತ್ರ, ದಿನಚರಿಗಳನ್ನು ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದುವಂತೆ ಇಟ್ಟಿದೆ. ಅದಿಲ್ಲದಿದ್ದರೆ ಮೂಡಿಗೆರೆಯಲ್ಲಿ ಕುಳಿತು ಈ ಕೆಲಸಕ್ಕೆ ಕೈ ಹಾಕುವುದು ಸಾಧ್ಯವೇ ಇರಲಿಲ್ಲ.

ಮೊದಲು ಅಡ್ಡ ಬಂದದ್ದು ಚೆರ್ರಿ ಮರದ ಕಥೆ. ಹುಡುಗ ಮರ ಕಡಿದ, ಅಪ್ಪನ ಮುಂದೆ ಸುಳ್ಳು ಹೇಳಲಾರೆ ಎಂದ. ಇದನ್ನು ಶಾಲೆಯಲ್ಲಿ ಕೇಳದವರು ಕಡಿಮೆ. ಮೇಸನ್ ಲಾಕ್ ವೀಮ್ಸ್ ಎಂಬ ಪಾದ್ರಿ ವಾಷಿಂಗ್ಟನ್ ಸತ್ತ ಎಷ್ಟೋ ವರ್ಷದ ಮೇಲೆ, 1806ರ ಮುದ್ರಣದಲ್ಲಿ, ಸೇರಿಸಿದ ಕಥೆ ಅದು. ನಡೆದದ್ದಕ್ಕೆ ಆಧಾರವಿಲ್ಲ. ಅದನ್ನು ಕೈಬಿಟ್ಟಾಗ ನನಗೆ ದಾರಿಯೂ ಸಿಕ್ಕಿತು. ‘ಚಾರಿತ್ರ್ಯ’ ಎಂದು ಬರೆದರೆ ಪೀಠದ ಮೇಲೆ ಕೂರಿಸಿ ಹಾರ ಹಾಕಿದಂತೆ. ನಮ್ಮ ಜನ ಬಳಸುವ ಮಾತು ‘ನಡತೆ’. ನಡೆದದ್ದನ್ನು ಬರೆಯಬೇಕು, ಗುಣವನ್ನು ಓದುವವರೇ ತೂಗಿಕೊಳ್ಳಲಿ ಎಂದು ತೀರ್ಮಾನಿಸಿದೆ. ನೋಟ್‌ಬುಕ್ಕಿನ ಎಡಪುಟದಲ್ಲಿ ತಾರೀಖು ಮತ್ತು ಅವರು ಮಾಡಿದ ಕೆಲಸ, ಬಲಪುಟದಲ್ಲಿ ಬೇರೆಯವರು ಹೇಳಿದ್ದು. ಬಲಪುಟದ ಮಾತಿಗೆ ಎಡಪುಟದಲ್ಲಿ ಸಾಕ್ಷಿ ಸಿಗದಿದ್ದರೆ ಗೆರೆ ಎಳೆದು ಹೊಡೆದುಹಾಕುತ್ತಿದ್ದೆ.

ಹೀಗೆ ಹೊಡೆದ ಮೇಲೆ ಉಳಿದದ್ದು ಕಡಿಮೆಯೇನಲ್ಲ. 1775ರಲ್ಲಿ, ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧಕ್ಕೆ ಸೇನಾಪತಿಯಾದಾಗ ಸಂಬಳ ಬೇಡ, ಖರ್ಚಿನ ಲೆಕ್ಕ ಇಡುತ್ತೇನೆ ಎಂದರು. ಎಂಟು ವರ್ಷದ ಆ ಲೆಕ್ಕವನ್ನು ಸ್ವಂತ ಕೈಬರಹದಲ್ಲಿ ಒಪ್ಪಿಸಿದರು. 1783ರ ಡಿಸೆಂಬರ್ 23ರಂದು ಅನ್ನಾಪೊಲಿಸ್‌ನಲ್ಲಿ ಅಧಿಕಾರವನ್ನು ಅಲ್ಲಿನ ಶಾಸನಸಭೆಯಾದ ಕಾಂಗ್ರೆಸ್ಸಿನ ಕೈಗೆ ಮರಳಿಸಿ, ಕ್ರಿಸ್‌ಮಸ್ ಹಬ್ಬಕ್ಕೆ ಮನೆ ಸೇರಿದರು. ಗೆದ್ದ ಸೈನ್ಯವೊಂದು ಬೆನ್ನಿಗಿದ್ದವರು ಹೀಗೆ ಮಾಡುವುದು ಆ ಕಾಲಕ್ಕೆ ಬಲು ಅಪರೂಪ.

ಐದು ಸಲ ಬರೆದದ್ದು, ಸೈನ್ಯ ಬೀಡುಬಿಟ್ಟಿದ್ದ ನ್ಯೂಬರ್ಗ್‌ನ ಪ್ರಸಂಗ. 1783ರ ಮಾರ್ಚ್ 15. ಯುದ್ಧ ಮುಗಿಯುತ್ತ ಬಂದಿತ್ತು, ಸಂಬಳ ಬಂದಿರಲಿಲ್ಲ. ಸಿಟ್ಟಾದ ಸೇನಾಧಿಕಾರಿಗಳು ಸಭೆ ಸೇರಿದ್ದರು. ವಾಷಿಂಗ್ಟನ್ ತಾವಾಗಿಯೇ ಒಳಗೆ ಬಂದು ಬರೆದು ತಂದ ಭಾಷಣ ಓದಿದರು. ಅದರಿಂದ ಯಾರ ಮನಸ್ಸೂ ಅಷ್ಟಾಗಿ ಕರಗಲಿಲ್ಲ. ಆಮೇಲೆ ಕಾಂಗ್ರೆಸ್ ಸದಸ್ಯರೊಬ್ಬರ ಪತ್ರ ತೆಗೆದರು. ಅಕ್ಷರ ಕಾಣಿಸದೆ ತಡವರಿಸಿದರು. ಕೈ ಜೇಬಿಗೆ ಹೋಯಿತು, ಕನ್ನಡಕ ಹೊರಬಂತು. ಅವರಿಗೆ ಕನ್ನಡಕವಿದೆ ಎಂಬುದೇ ಅಲ್ಲಿದ್ದ ಬಹುತೇಕರಿಗೆ ಗೊತ್ತಿರಲಿಲ್ಲ. ಕ್ಷಮಿಸಿ, ದೇಶದ ಸೇವೆಯಲ್ಲಿ ತಲೆ ನರೆಯಿತು, ಈಗ ಕಣ್ಣೂ ಮಂಜಾಗುತ್ತಿದೆ ಎಂಬ ಅರ್ಥದ ಮಾತನಾಡಿದರು. ಗಟ್ಟಿ ಜೀವಗಳು ಅತ್ತವು. ದಂಗೆಯ ಮಾತು ಅಲ್ಲಿಗೇ ಇಂಗಿತು. ಮೊದಲ ಕರಡಿನಲ್ಲಿ ನಾನು ಇಲ್ಲಿ ‘ಧೀರೋದಾತ್ತ’ ಎಂಬ ಪದ ಬರೆದಿದ್ದೆ. ಕೊನೆಯ ಕರಡಿನಲ್ಲಿ ಜೇಬಿಗೆ ಹೋದ ಕೈಯನ್ನು ಮಾತ್ರ ಉಳಿಸಿಕೊಂಡೆ.

ನಮ್ಮ ನಾಡಿನ ಓದುಗರಿಗಾಗಿ ಒಂದು ಅಧ್ಯಾಯ ಸೇರಿಸಿದೆ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನರಿಗೆ ಶರಣಾದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್, ಮೈಯಲ್ಲಿ ಹುಷಾರಿಲ್ಲವೆಂದು ಶರಣಾಗತಿಗೆ ತನ್ನ ಕೆಳಗಿನವನನ್ನು ಕಳಿಸಿದ ಅದೇ ಕಾರ್ನ್‌ವಾಲಿಸ್, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿಯೂ ತೆಗೆದುಕೊಂಡ.

ಕರಡು ಮುಗಿದ ಮೇಲೆ, ಜೊತೆಯಲ್ಲಿ ಕೆಲಸ ಮಾಡಿದ ಹಳೆಯ ಮೇಸ್ತ್ರಿಯೊಬ್ಬರಿಗೆ ದಿನಕ್ಕೊಂದು ಅಧ್ಯಾಯ ಓದಿ ಹೇಳುತ್ತಿದ್ದೆ. ಅವರು ಹುಟ್ಟಿದ್ದು ತೋಟದ ಆಳುಗಳ ಲೈನ್ ಮನೆಯಲ್ಲಿ, ಆಳು ನಡೆಸಿದ್ದು ನಲವತ್ತು ವರ್ಷ. ವರ್ಜೀನಿಯಾದಲ್ಲಿ ವಾಷಿಂಗ್ಟನ್ನರ ಜಮೀನಾಗಿದ್ದ ಮೌಂಟ್ ವರ್ನನ್‌ನ ಐದು ತೋಟಗಳ ವಾರದ ವರದಿಯ ಬಗ್ಗೆ ನಾನು ಬಹಳ ಮೆಚ್ಚಿ ಬರೆದಿದ್ದೆ. ಯಾರು ಎಷ್ಟು ದಿನ ಏನು ಮಾಡಿದರು ಎಂಬುದೆಲ್ಲ ಅದರಲ್ಲಿ ಇರಬೇಕಿತ್ತು. ಅವರು ಕೈಯೆತ್ತಿ ನಿಲ್ಲಿಸಿದರು.

“ರೈಟರೇ, ಈ ಜನಕ್ಕೆ ವಾರದ ಕೂಲಿ ಎಷ್ಟು?”

“ಕೂಲಿ ಇಲ್ಲ ಮೇಸ್ತ್ರಿ. ಜೋಳದ ಹಿಟ್ಟು, ಉಪ್ಪು ಹಾಕಿದ ಮೀನು, ಬಟ್ಟೆ. ಅವರು ಗುಲಾಮರು. ಆ ವಿಷಯ ಕೊನೆಯ ಅಧ್ಯಾಯದಲ್ಲಿ ಬರುತ್ತದೆ.”

“ಕೆಲಸ ಮೊದಲಿನಿಂದ ಮಾಡಿದವರು ಕೊನೆಗೆ ಏಕೆ ಬರುತ್ತಾರೆ?”

ಆ ರಾತ್ರಿ ಕರಡನ್ನು ಮತ್ತೆ ತೆರೆದೆ. ಅದುವರೆಗೆ ಕಣ್ಣಿಗೆ ಬೀಳದ ಒಂದು ತಪ್ಪು ಪುಟಪುಟದಲ್ಲೂ ಇತ್ತು. ವಾಷಿಂಗ್ಟನ್ನರಿಗೆಲ್ಲ ‘ಅವರು’ ಎಂದಿದ್ದೆ. 1768ರಲ್ಲಿ ಅವರು ಹಣ ಕೊಟ್ಟು ಕೊಂಡ, ಯುದ್ಧದ ಉದ್ದಕ್ಕೂ ಅವರ ಪಕ್ಕದಲ್ಲೇ ಕುದುರೆ ಓಡಿಸಿದ, ಆಮೇಲೆ ಎರಡೂ ಮಂಡಿ ಮುರಿದು ತೋಟದಲ್ಲಿ ಚಪ್ಪಲಿ ಹೊಲಿದ ವಿಲಿಯಂ ಲೀಯವರಿಗೆ ‘ಅವನು’ ಎಂದಿದ್ದೆ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಪದ. ಭೇದ ಮಾಡಿದ್ದು ನನ್ನ ಕನ್ನಡ. ಚೆಕ್‌ರೋಲಿನ ಮೇಲೆ ಬಗ್ಗಿ 31 ವರ್ಷ ಕಳೆದ ನನ್ನ ಕೈ ಅದನ್ನು ತಾನಾಗಿಯೇ ಬರೆದುಬಿಟ್ಟಿತ್ತು. ನನಗೆ ನಿದ್ದೆ ಬರಲಿಲ್ಲ.

ಎಲ್ಲವನ್ನೂ ‘ಅವರು’ ಎಂದು ತಿದ್ದಿದೆ. ಕೊನೆಯ ಅಧ್ಯಾಯವನ್ನು ಒಡೆದು, ಆಯಾ ವರ್ಷದ ಸಂಗತಿಯನ್ನು ಆಯಾ ವರ್ಷದ ಪಕ್ಕದಲ್ಲೇ ಇಟ್ಟೆ. ಆಗ ಪುಸ್ತಕವೇ ಬದಲಾಯಿತು. 1791ರಲ್ಲಿ ರಾಜಧಾನಿ ಫಿಲಡೆಲ್ಫಿಯಾ. ಆರು ತಿಂಗಳು ಅಲ್ಲಿ ನೆಲೆಸಿದ ಗುಲಾಮರು ಬಿಡುಗಡೆ ಕೇಳಬಹುದೆಂಬ ಕಾನೂನು ಪೆನ್ಸಿಲ್ವೇನಿಯಾದಲ್ಲಿತ್ತು. ಅವಧಿ ತುಂಬುವ ಮೊದಲೇ ತಮ್ಮ ಮನೆಯಾಳುಗಳನ್ನು ವರ್ಜೀನಿಯಾಕ್ಕೆ ಕಳಿಸಬೇಕು, ಅವರಿಗೂ ಸಾರ್ವಜನಿಕರಿಗೂ ನಿಜ ತಿಳಿಯದಂತೆ ಏನಾದರೂ ನೆಪ ಹೇಳಬೇಕು ಎಂದು ಅಧ್ಯಕ್ಷರು ಕಾರ್ಯದರ್ಶಿಗೆ ಪತ್ರ ಬರೆದರು. ಚೆರ್ರಿ ಮರದ ಕಥೆ ಕಟ್ಟಿದ್ದು ಇದೇ ಮನುಷ್ಯನ ಮೇಲೆ. 1796ರ ಮೇ ತಿಂಗಳಲ್ಲಿ ಮನೆಯವರು ಊಟಕ್ಕೆ ಕುಳಿತಿದ್ದಾಗ ಓನಾ ಜಡ್ಜ್ ಎಂಬ ಯುವತಿ ಬಾಗಿಲು ದಾಟಿ ಹೊರಟರು. ವಾಷಿಂಗ್ಟನ್ ಹಿಡಿಸಿ ತರಿಸಲು ಪ್ರಯತ್ನಿಸಿದರು, ಆಗಲಿಲ್ಲ. ಆಕೆ ನ್ಯೂ ಹ್ಯಾಂಪ್‌ಶೈರಿನಲ್ಲಿ 1848ರವರೆಗೆ ಬದುಕಿದರು.

‘ಜೀತ’ ಎಂಬ ನಮ್ಮ ಪದವನ್ನು ಬಳಸಿದರೆ ಓದುಗರಿಗೆ ಬೇಗ ನಾಟುತ್ತಿತ್ತು. ಆದರೆ ಜೀತದ ಹಿಂದೆ ಸಾಲವೊಂದರ ಲೆಕ್ಕವಿರುತ್ತದೆ. ಅಮೆರಿಕದಲ್ಲಿ ಹುಟ್ಟೇ ಲೆಕ್ಕ, ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಹಾಗಾಗಿ ಬಳಸಲಿಲ್ಲ.

1799ರ ಉಯಿಲನ್ನೂ ಅಷ್ಟೇ ಜಾಗ ಕೊಟ್ಟು ಬರೆದಿದ್ದೇನೆ. ಆ ವರ್ಷ ಮೌಂಟ್ ವರ್ನನ್‌ನಲ್ಲಿ 317 ಮಂದಿ ಗುಲಾಮಗಿರಿಯಲ್ಲಿದ್ದರು. ಅವರಲ್ಲಿ ತಮ್ಮ ಹಕ್ಕಿನ 123 ಮಂದಿಗೆ ಪತ್ನಿ ಮಾರ್ಥಾ ಕಾಲದ ನಂತರ ಬಿಡುಗಡೆ ಎಂದು ವಾಷಿಂಗ್ಟನ್ ಬರೆದಿಟ್ಟರು. ಮಾರ್ಥಾ ಕಾಯದೆ 1801ರ ಜನವರಿ 1ರಂದೇ ಬಿಡುಗಡೆ ಮಾಡಿದರು. ವಿಲಿಯಂ ಲೀಯವರಿಗೆ ತಕ್ಷಣ ಬಿಡುಗಡೆ, ವರ್ಷಕ್ಕೆ 30 ಡಾಲರ್. ಮಾರ್ಥಾ ಅವರ ಮೊದಲ ಗಂಡನ ಆಸ್ತಿಯಿಂದ ಬಂದ 153 ಮಂದಿಗೆ ಏನೂ ಸಿಗಲಿಲ್ಲ. ಆ ಉಯಿಲು ಬರೆದ ಮನುಷ್ಯನನ್ನು ನಾನು ಗೌರವಿಸುತ್ತೇನೆ. ಆ 1791ರ ಪತ್ರವನ್ನು ಕ್ಷಮಿಸಲು ನನ್ನಿಂದ ಆಗಿಲ್ಲ. ಎರಡನ್ನೂ ಪುಸ್ತಕದಲ್ಲಿ ಹಾಗೆಯೇ ಬಿಟ್ಟಿದ್ದೇನೆ.

ಚಿಕ್ಕಮಗಳೂರಿನಲ್ಲಿ 300 ಪ್ರತಿ ಅಚ್ಚು ಹಾಕಿಸಿದೆ. ಮೊದಲ ಪ್ರತಿ ಮೇಸ್ತ್ರಿಯವರ ಮನೆಗೆ ಹೋಯಿತು, ಮೊಮ್ಮಗಳು ಓದಿ ಹೇಳುತ್ತಿದ್ದಾಳೆ. ಉಯಿಲು ಬರೆದ 1799ರಲ್ಲೇ ವಾಷಿಂಗ್ಟನ್ ತಮ್ಮ ಕೈಯಾರೆ ಬರೆದ ಗುಲಾಮರ ಪಟ್ಟಿಯೊಂದಿದೆ: ತೋಟವಾರು ಹೆಸರು, ವಯಸ್ಸು, ಗಂಡ ಹೆಂಡತಿ ಯಾರು, ದುಡಿಯುವ ವಯಸ್ಸು ದಾಟಿದವರು ಯಾರು. ಎರಡನೇ ಮುದ್ರಣದಲ್ಲಿ ಅದನ್ನು ಪೂರ್ತಿ ಸೇರಿಸಬೇಕೆಂದು ಒಂದೊಂದೇ ಹೆಸರನ್ನು ಕನ್ನಡಕ್ಕೆ ಬರೆದುಕೊಳ್ಳುತ್ತಿದ್ದೇನೆ. ಈ ವಾರ ಮಡ್ಡಿ ಹೋಲ್ ತೋಟ ನಡೆಯುತ್ತಿದೆ.