ಮಲೆನಾಡಿನ ತೇವದಲ್ಲಿ ಕಾರಿನ ಎಸಿ ಕಂಪ್ರೆಸರ್ ಬದಲಿಸುವುದು

ಕಂಪ್ರೆಸರ್ ಬಿಚ್ಚಿ ಕೂರಿಸುವುದು ಮೂರು-ನಾಲ್ಕು ಬೋಲ್ಟಿನ ಕೆಲಸ. ನಮ್ಮ ಶಿವಮೊಗ್ಗ ಕಡೆ ಕಷ್ಟ ಇರುವುದು ಪೈಪಿನೊಳಗೆ ತೇವ ಸೇರದಂತೆ ಕಾಯುವುದರಲ್ಲಿ. ಕಂಪ್ರೆಸರಿಗೆ ಹಾಕುವ ಪ್ಯಾಗ್ ಆಯಿಲ್ ಗಾಳಿಯಲ್ಲಿರುವ ನೀರನ್ನು ಹೀರುತ್ತದೆ. ಆ ನೀರು ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ, ಅಂದರೆ ಗ್ಯಾಸ್ ಹಿಗ್ಗುವ ಸಣ್ಣ ಕಿಂಡಿಯಲ್ಲಿ, ಹೆಪ್ಪುಗಟ್ಟಿದರೆ ಕೂಲಿಂಗ್ ಬಂದು ಬಂದು ನಿಲ್ಲುತ್ತದೆ. ಆಮ್ಲವಾದರೆ ಹೊಸ ಕಂಪ್ರೆಸರನ್ನೂ ತಿನ್ನುತ್ತದೆ. ಹಾಗಾಗಿ ಜನವರಿಯಿಂದ ಮಾರ್ಚ್ ಒಳಗಿನ ಬಿಸಿಲ ಮಧ್ಯಾಹ್ನವೇ ಈ ಕೆಲಸಕ್ಕೆ ಸರಿ. ಜಡಿಮಳೆಯಲ್ಲಿ, ಅದರಲ್ಲೂ ಆಗುಂಬೆ–ತೀರ್ಥಹಳ್ಳಿ ಕಡೆ, ಪೈಪಿನ ಜಾಯಿಂಟ್ ಬಿಚ್ಚಲೇಬೇಡಿ.

ಕೆಟ್ಟಿದ್ದು ಕಂಪ್ರೆಸರೇ ಹೌದಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಕಂಪ್ರೆಸರನ್ನು ಬೆಲ್ಟಿಗೆ ಜೋಡಿಸುವ ಕ್ಲಚ್ ಹಿಡಿಯದಿದ್ದರೆ ಅದರ ಕನೆಕ್ಟರಿಗೆ 12 ವೋಲ್ಟ್ ಬರುತ್ತಿದೆಯಾ, ಕ್ಲಚ್ ಕಾಯಿಲ್ 3ರಿಂದ 5 ಓಮ್ ತೋರಿಸುತ್ತಿದೆಯಾ ನೋಡಿ. ಎಷ್ಟೋ ಸಲ ಇಲಿ ಕಡಿದ ವೈರೇ ಕಾರಣ. ಕ್ಲಚ್ ಹಿಡಿದು ತಿರುಗುತ್ತಿದ್ದರೂ ಲೋ ಸೈಡ್ (ಕಡಿಮೆ ಒತ್ತಡದ ಬದಿ) ಇಳಿಯದೆ, ಹೈ ಸೈಡ್ (ಹೆಚ್ಚು ಒತ್ತಡದ ಬದಿ) ಏರದೆ, ಗೇಜಿನ ಎರಡು ಮುಳ್ಳೂ ಹತ್ತಿರ ಹತ್ತಿರ ನಿಂತರೆ ಒಳಗೆ ಸವೆದಿದೆ ಎಂದರ್ಥ.

ಹಳೆ ಗ್ಯಾಸನ್ನು ಗಾಳಿಗೆ ಬಿಡಬೇಡಿ. ಎಸಿ ಗ್ಯಾಸ್ ಆರ್-134ಎ ಬಿಸಿ ಹಿಡಿಯುವುದು ಕಾರ್ಬನ್ ಡೈಆಕ್ಸೈಡಿನ ಸುಮಾರು 1,430 ಪಟ್ಟು. ರಿಕವರಿ ಮೆಷಿನ್ ಇರುವ ಎಸಿ ಅಂಗಡಿಯಲ್ಲಿ ತೆಗೆಸಿಕೊಂಡು ಬನ್ನಿ.

ಹೆಚ್ಚಿನವರು ಎಡವುವುದು ಆಯಿಲ್ ಲೆಕ್ಕದಲ್ಲಿ. ಹೊಸ ಕಂಪ್ರೆಸರಿನಲ್ಲಿ ಸಾಮಾನ್ಯವಾಗಿ ಇಡೀ ಸಿಸ್ಟಮ್ಮಿಗೆ ಬೇಕಾಗುವಷ್ಟು ಆಯಿಲ್ ತುಂಬಿರುತ್ತದೆ. ಹಳೆ ಆಯಿಲಿನ ಒಂದು ಪಾಲು ಗ್ಯಾಸನ್ನು ತಣಿಸುವ ಕಂಡೆನ್ಸರ್, ಕೂಲಿಂಗ್ ಕಾಯಿಲಿನಲ್ಲಿ ಉಳಿದೇ ಇರುತ್ತದೆ. ಎರಡೂ ಸೇರಿದರೆ ಕೂಲಿಂಗ್ ಬೀಳುತ್ತದೆ. ಹಳೆ ಕಂಪ್ರೆಸರನ್ನು ಬಗ್ಗಿಸಿ, ಕ್ಲಚ್ ಹಬ್ ತಿರುಗಿಸುತ್ತಾ ಬಸಿದು ಅಳತೆ ಲೋಟದಲ್ಲಿ ನೋಡಿ. 40 ಮಿಲಿ ಬಂದರೆ ಹೊಸದರಲ್ಲೂ 40 ಬಿಟ್ಟು ಉಳಿದದ್ದನ್ನು ಬಸಿಯಿರಿ. ತೇವ ಹೀರುವ ಡ್ರೈಯರ್ ಹೊಸದು ಹಾಕುವಾಗ ಅದಕ್ಕೆ 10 ಮಿಲಿ ಸೇರಿಸಿ. ಪ್ಯಾಗ್ 46, ಪ್ಯಾಗ್ 100 ಬೇರೆ ಬೇರೆ ದಪ್ಪದ ಆಯಿಲ್‌ಗಳು. ಕಂಪ್ರೆಸರಿನ ಲೇಬಲ್ ಹೇಳಿದ್ದನ್ನೇ ಹಾಕಿ. ಬಸಿದ ಆಯಿಲಿನಲ್ಲಿ ಬೆಳ್ಳಿ ಪುಡಿಯಂತೆ ಹೊಳೆದರೆ ಕಂಡೆನ್ಸರನ್ನೂ ಬದಲಿಸಲೇಬೇಕು. ಅದರ ಸಣ್ಣ ಕೊಳವೆಗಳು ಫ್ಲಶ್ ಮಾಡಿದರೂ ಶುದ್ಧವಾಗವು.

ಡ್ರೈಯರ್ ಪ್ರತಿ ಸಲವೂ ಹೊಸದೇ ಆಗಬೇಕು. ಅದರ ಮುಚ್ಚಳವನ್ನು ಕಟ್ಟಕಡೆಗೆ, ಜೋಡಿಸುವ ಗಳಿಗೆಯಲ್ಲಿ ತೆಗೆಯಿರಿ. ಬಿಚ್ಚಿದ ಪೈಪಿನ ಬಾಯಿಗಳನ್ನು ತಕ್ಷಣ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ. ಜಾಯಿಂಟಿನ ರಬ್ಬರ್ ಬಳೆಯಾದ ಓ-ರಿಂಗಿಗೆ ಎಸಿ ಆಯಿಲ್ ಸವರದೆ ಕೂರಿಸಿದರೆ ಹರಿಯುತ್ತದೆ.

ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯಲು ವ್ಯಾಕ್ಯೂಮ್ ಪಂಪನ್ನು ಕನಿಷ್ಠ ಒಂದು ಗಂಟೆ ಓಡಿಸಿ. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಗೇಜ್ 28 ಇಂಚು ಪಾದರಸದ ಹತ್ತಿರ ನಿಂತುಬಿಡುತ್ತದೆ, ಪುಸ್ತಕದ 29.9 ಬರಲಿಲ್ಲ ಎಂದು ಲೀಕ್ ಹುಡುಕಬೇಡಿ. ವ್ಯಾಕ್ಯೂಮನ್ನು ಇನ್ನೂ ಸೂಕ್ಷ್ಮವಾಗಿ ಅಳೆಯುವ ಮೈಕ್ರಾನ್ ಗೇಜ್ ಇದ್ದರೆ 500ಕ್ಕಿಂತ ಕೆಳಗೆ ಇಳಿಸಿ. ವಾಲ್ವ್ ಮುಚ್ಚಿ ಅರ್ಧ ಗಂಟೆ ಬಿಟ್ಟು ನೋಡಿ. ಮುಳ್ಳು ಕದಲದಿದ್ದರೆ ಮಾತ್ರ ಗ್ಯಾಸ್.

ಇಂಜಿನ್ ಚಾಲೂ ಮಾಡುವ ಮುಂಚೆ ಕ್ಲಚ್ ಹಬ್ಬನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ. ಸಿಲಿಂಡರಿನಲ್ಲಿ ನಿಂತ ಆಯಿಲ್ ಹೊರಬೀಳದಿದ್ದರೆ ಮೊದಲ ಹೊಡೆತಕ್ಕೇ ವಾಲ್ವ್ ಪ್ಲೇಟ್ ಮುರಿಯಬಹುದು. ಬಾನೆಟ್ ಕೆಳಗಿನ ಸ್ಟಿಕ್ಕರ್ ಹೇಳುವ ತೂಕದಷ್ಟೇ ಗ್ಯಾಸನ್ನು, 450 ಗ್ರಾಂ ಡಬ್ಬಿಯನ್ನು ಡಿಜಿಟಲ್ ತಕ್ಕಡಿ ಮೇಲೆ ನೆಟ್ಟಗೆ ಇಟ್ಟು, ಲೋ ಸೈಡಿನಿಂದ ಎಳೆಸಿ. ಇಂಜಿನ್ ಓಡುವಾಗ ಹೈ ಸೈಡ್ ವಾಲ್ವ್ ತೆರೆದರೆ ಡಬ್ಬಿ ಸಿಡಿಯಬಹುದು. ಕನ್ನಡಕ, ಕೈಗವಸು ಇಲ್ಲದೆ ಕೈಯಿಡಬೇಡಿ.

30 ಡಿಗ್ರಿ ಬಿಸಿಲಲ್ಲಿ ಲೋ 25ರಿಂದ 40, ಹೈ 150ರಿಂದ 220 ಪಿಎಸ್‌ಐ ಇದ್ದರೆ ಸರಿ. ಮಳೆಗಾಲದಲ್ಲಿ ಗಾಳಿ ತುಸು ಬೆಚ್ಚಗೆ ಬಂದರೆ ಗ್ಯಾಸ್ ಹೆಚ್ಚು ಹಾಕಿಸಬೇಡಿ; ಗಾಳಿಯ ನೀರನ್ನು ಇಳಿಸುವುದಕ್ಕೇ ಕೂಲಿಂಗಿನ ಒಂದು ಪಾಲು ಹೋಗುತ್ತಿರುತ್ತದೆ.