ಫಾಲೋವರ್ಸ್ ಬೇಕು, ಸ್ಟ್ರೈಕ್ ಬೇಡ: ಖಾತೆ ಬೆಳೆಸುವುದು ಹೀಗೆ

ಹೊಸದಾಗಿ ಖಾತೆ ತೆರೆದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಫಾಲೋವರ್ಸ್ ಜಾಸ್ತಿ ಆಗೋದು ಹೇಗೆ? ನಿಯಮಗಳ ವಿಚಾರ ಯಾರಿಗೂ ಬೇಡ. ವಿಡಿಯೊ ತೆಗೆದುಹಾಕಿದ್ದೇವೆ ಎಂಬ ಸಂದೇಶವೋ ಸ್ಟ್ರೈಕೋ (ನಿಯಮ ಮೀರಿದ್ದಕ್ಕೆ ಯೂಟ್ಯೂಬ್ ಚಾನೆಲ್‌ಗೆ ಕೊಡುವ ಶಿಕ್ಷೆ) ಬಂದ ದಿನವೇ ಅದು ನೆನಪಾಗುವುದು. ಆದರೆ ಇವೆರಡನ್ನೂ ಒಟ್ಟಿಗೇ ಕಲಿಯಬೇಕು. ಇನ್‌ಸ್ಟಾಗ್ರಾಮ್‌ನಲ್ಲಿ ನಿಯಮ ಮೀರಿದ ಖಾತೆಯನ್ನು ಇನ್ನೂ ಫಾಲೋ ಮಾಡದ ಹೊಸಬರಿಗೆ ಶಿಫಾರಸು ಮಾಡುವುದನ್ನೇ ನಿಲ್ಲಿಸಬಹುದು. ಹೊಸಬರ ಕಣ್ಣಿಗೇ ಬೀಳದಿದ್ದರೆ ಖಾತೆ ಬೆಳೆಯುವುದೆಲ್ಲಿಂದ?

1. ಯಾರಿಗಾಗಿ ಎಂದು ಮೊದಲು ತೀರ್ಮಾನಿಸಿ

ಇವತ್ತು ಅಡುಗೆ, ನಾಳೆ ಪ್ರವಾಸ, ನಾಡಿದ್ದು ಮೊಬೈಲ್ ರಿವ್ಯೂ ಹಾಕಿದರೆ ನೋಡುವವರಿಗೆ ಈ ಖಾತೆಯನ್ನು ಯಾಕೆ ಫಾಲೋ ಮಾಡಬೇಕು ಎಂದೇ ತಿಳಿಯುವುದಿಲ್ಲ. ಒಂದು ವಿಷಯ ಹಿಡಿಯಿರಿ. ಹೊಲಿಗೆ ಎಂದಿಟ್ಟುಕೊಳ್ಳಿ. ಅದರಲ್ಲೂ ಹೊಸದಾಗಿ ಮೆಷಿನ್ ಕೊಂಡವರಿಗೆ ಎಂದಾದರೆ ಇನ್ನೂ ಒಳ್ಳೆಯದು. ಅವರು ಹುಡುಕುವುದು ‘ಹೊಲಿಗೆ ಕಲೆ’ ಅಂತಲ್ಲ, ‘ಮೆಷಿನ್‌ನಲ್ಲಿ ದಾರ ಪದೇ ಪದೇ ತುಂಡಾಗುತ್ತದೆ’ ಅಂತ. ನಿಮ್ಮ ಶೀರ್ಷಿಕೆಯಲ್ಲೂ ಅದೇ ಮಾತು ಇರಲಿ.

ಇನ್‌ಸ್ಟಾಗ್ರಾಮ್ ಬಯೋದಲ್ಲಿ 150 ಅಕ್ಷರಗಳಿಗೆ ಮಾತ್ರ ಜಾಗ. ಏನು ಕಲಿಸುತ್ತೀರಿ, ಯಾರಿಗೆ ಕಲಿಸುತ್ತೀರಿ, ಅಷ್ಟು ಬರೆದರೆ ಸಾಕು. ಹೆಸರಿನ ಜಾಗದಲ್ಲಿ ವಿಷಯವನ್ನೂ ಸೇರಿಸಿ, ಹುಡುಕಿದಾಗ ಸಿಗುತ್ತದೆ.

2. ಮೊದಲ ಕೆಲವು ಸೆಕೆಂಡುಗಳನ್ನು ಕಳೆದುಕೊಳ್ಳಬೇಡಿ

ಚಾನೆಲ್ ನಡೆಸುವವರಿಗಾಗಿ ಇರುವ ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರತಿ ವಿಡಿಯೊಗೂ ಒಂದು ಗ್ರಾಫ್ ಇದೆ. ಯಾವ ಸೆಕೆಂಡಿನಲ್ಲಿ ಎಷ್ಟು ಜನ ಇನ್ನೂ ನೋಡುತ್ತಿದ್ದಾರೆ ಎಂದು ಅದು ತೋರಿಸುತ್ತದೆ. ‘ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ಸ್ವಾಗತ, ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲ ಅಂದ್ರೆ...’ ಎಂದು ಶುರುವಾಗುವ ವಿಡಿಯೊದ ಗ್ರಾಫ್ ತೆರೆದು ನೋಡಿ. ಆ ಮಾತು ಮುಗಿಯುವಷ್ಟರಲ್ಲಿ ಗೆರೆ ಕೆಳಗಿಳಿದಿರುತ್ತದೆ.

ಬದಲಿಗೆ ಹೀಗೆ ಮಾಡಿ. ಮೊದಲ ದೃಶ್ಯದಲ್ಲೇ ಸೂಜಿಯ ಹತ್ತಿರ ಕ್ಯಾಮೆರಾ ಇಡಿ, ದಾರ ಪಟ್ ಅಂತ ತುಂಡಾಗಲಿ. ಮರುಕ್ಷಣವೇ ನಿಮ್ಮ ಕೈ ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಪನ್ನು ಸ್ವಲ್ಪ ಸಡಿಲ ಮಾಡಲಿ, ಆಮೇಲೆ ಹೊಲಿಗೆ ಸರಾಗವಾಗಿ ಓಡಲಿ. ಸೂಜಿ ಬಾಗಿದ್ದರೆ ಏನು, ದಾರ ತಪ್ಪಾಗಿ ಪೋಣಿಸಿದ್ದರೆ ಏನು ಎಂಬುದನ್ನೆಲ್ಲ ನಂತರ ಹೇಳಿ. ಉತ್ತರ ಇಲ್ಲಿದೆ ಎಂದು ನಂಬಿಕೆ ಬಂದವರು ಕಾಯುತ್ತಾರೆ.

ರೀಲ್ಸ್‌ಗೂ ಇದೇ ಮಾತು. ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಲೈಕ್ ಮಾಡಿದರು, ಎಷ್ಟು ಜನ ಬೇರೆಯವರಿಗೆ ಕಳುಹಿಸಿದರು ಎಂಬ ಮೂರು ಸಂಗತಿಗಳು ಮುಖ್ಯ ಎಂದು ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆ್ಯಡಂ ಮೊಸ್ಸೆರಿ ಹೇಳಿದ್ದಾರೆ. ಫಾಲೋ ಮಾಡದವರನ್ನು ತಲುಪಲು ಕೊನೆಯದೇ ಹೆಚ್ಚು ನೆರವಾಗುತ್ತದೆ. ಹಾಗಾಗಿ ‘ಇದನ್ನು ಯಾರು ಯಾರಿಗೆ ಕಳುಹಿಸಬಹುದು’ ಎಂದು ಕೇಳಿಕೊಂಡೇ ವಿಡಿಯೊ ಮಾಡಿ.

ವಾರಕ್ಕೆ ಎಷ್ಟು ಹಾಕಬೇಕು? ತಿಂಗಳುಗಟ್ಟಲೆ ನಿಭಾಯಿಸಲು ಆಗುವಷ್ಟು.

3. ಫಾಲೋವರ್ಸ್ ಕೊಳ್ಳಬೇಡಿ

ದುಡ್ಡು ಕೊಟ್ಟರೆ ರಾತ್ರೋರಾತ್ರಿ ಸಾವಿರಾರು ಫಾಲೋವರ್ಸ್ ಕೊಡುತ್ತೇವೆ ಎನ್ನುವವರು ಬೇಕಾದಷ್ಟು ಇದ್ದಾರೆ. ದಯವಿಟ್ಟು ಆ ಕಡೆ ಹೋಗಬೇಡಿ. ಆ ಖಾತೆಗಳ ಹಿಂದೆ ನೋಡುವ ಮನುಷ್ಯರೇ ಇರುವುದಿಲ್ಲ. ಪೋಸ್ಟ್ ಅವರಿಗೆ ಹೋದರೂ ಯಾರೂ ನೋಡುವುದಿಲ್ಲ, ಲೈಕ್ ಮಾಡುವುದಿಲ್ಲ. ಪೋಸ್ಟ್ ಯಾರಿಗೂ ಇಷ್ಟವಾಗಿಲ್ಲ ಎಂದೇ ಲೆಕ್ಕವಾಗುತ್ತದೆ. ನಿಜವಾಗಿ ಕಲಿಯಬೇಕೆಂದಿದ್ದವರಿಗೂ ಅದು ತಲುಪದೆ ಹೋಗುತ್ತದೆ.

ಕಂಪನಿಗಳೂ ಸುಮ್ನೆ ಕೂತಿಲ್ಲ. 2014ರ ಡಿಸೆಂಬರ್‌ನಲ್ಲಿ ಇನ್‌ಸ್ಟಾಗ್ರಾಮ್ ನಕಲಿ ಖಾತೆಗಳನ್ನು ಅಳಿಸಿದಾಗ ಹೆಸರಾಂತರೂ ಒಂದೇ ಏಟಿಗೆ ಲಕ್ಷಗಟ್ಟಲೆ ಫಾಲೋವರ್ಸ್ ಕಳೆದುಕೊಂಡರು. 2018ರ ಜುಲೈನಲ್ಲಿ ಟ್ವಿಟರ್ ಕೂಡ ಅನುಮಾನ ಬಂದು ಲಾಕ್ ಮಾಡಿದ್ದ ಖಾತೆಗಳನ್ನು ಫಾಲೋವರ್ಸ್ ಎಣಿಕೆಯಿಂದ ತೆಗೆಯಿತು. ‘ನೀವು ನನ್ನ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಾನು ನಿಮ್ಮದನ್ನು ಮಾಡುತ್ತೇನೆ’ ಎಂಬ ಕೊಡುಕೊಳ್ಳುವಿಕೆ ಇದೆಯಲ್ವಾ, ಯೂಟ್ಯೂಬ್ ಅದಕ್ಕೂ ಅವಕಾಶ ಕೊಡುವುದಿಲ್ಲ.

4. ಹಾಡು, ಕ್ಲಿಪ್ ಬಳಸುವ ಮುನ್ನ

ಇಲ್ಲಿ ಎಡವುವವರೇ ಜಾಸ್ತಿ. ‘ಇಷ್ಟು ಸೆಕೆಂಡಿನವರೆಗೆ ಹಾಡು ಬಳಸಿದರೆ ತೊಂದರೆ ಇಲ್ಲ’ ಎಂಬ ಮಾತು ಎಲ್ಲೆಡೆ ಕೇಳಿಸುತ್ತದೆ. ಅಂಥ ನಿಯಮ ಇಲ್ಲ. ಕೆಳಗೆ ‘ಕ್ರೆಡಿಟ್ ಮೂಲ ಮಾಲೀಕರಿಗೆ’ ಎಂದು ಬರೆದರೂ ಅದು ಅನುಮತಿ ಆಗುವುದಿಲ್ಲ. ಯೂಟ್ಯೂಬ್‌ನ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತ ಸಿಗುತ್ತದೆ, ಅದನ್ನು ಬಳಸಿ. ಇನ್‌ಸ್ಟಾಗ್ರಾಮ್‌ನಲ್ಲಿ ಬಿಸಿನೆಸ್ ಖಾತೆ ಇದ್ದರೆ ಜನಪ್ರಿಯ ಹಾಡುಗಳು ಹೆಚ್ಚಾಗಿ ಸಿಗುವುದಿಲ್ಲ. ಅದು ನಿಮ್ಮ ಫೋನಿನ ದೋಷವಲ್ಲ, ಹಕ್ಕುಗಳ ವಿಚಾರ. ಹಣ ಪಡೆದೋ ಉಚಿತ ವಸ್ತು ಪಡೆದೋ ಮಾಡಿದ ಪೋಸ್ಟಿಗೆ ‘ಪೇಯ್ಡ್ ಪಾರ್ಟ್‌ನರ್‌ಶಿಪ್’ ಲೇಬಲ್ ಹಾಕಲೇಬೇಕು.

5. ಸ್ಟ್ರೈಕ್ ಬಂದರೆ ಗಾಬರಿ ಬೇಡ, ಅವಸರವೂ ಬೇಡ

ಯೂಟ್ಯೂಬ್‌ನಿಂದ ಬಂದಿರುವುದು ಏನು ಎಂದು ಮೊದಲು ಸರಿಯಾಗಿ ಓದಿ. ಕಂಟೆಂಟ್ ಐಡಿ ಕ್ಲೇಮ್ (ನಿಮ್ಮ ವಿಡಿಯೊದಲ್ಲಿ ಬೇರೆಯವರ ಹಾಡೋ ದೃಶ್ಯವೋ ಇದೆ ಎಂದು ಯೂಟ್ಯೂಬ್ ತಾನಾಗಿ ಪತ್ತೆ ಮಾಡಿದಾಗ ಬರುವ ಸೂಚನೆ) ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಂದರೆ ಸಾಮಾನ್ಯವಾಗಿ ವಿಡಿಯೊ ಉಳಿಯುತ್ತದೆ, ಜಾಹೀರಾತಿನ ಹಣ ಹಾಡಿನ ಮಾಲೀಕರಿಗೆ ಹೋಗಬಹುದು. ಸ್ಟುಡಿಯೊದಲ್ಲೇ ಆ ಹಾಡನ್ನು ಮ್ಯೂಟ್ ಮಾಡಬಹುದು, ಬದಲಿಸಬಹುದು, ಇಲ್ಲವೇ ಆ ಭಾಗ ಕತ್ತರಿಸಬಹುದು. ಹಕ್ಕು ನಿಮ್ಮದೇ ಆಗಿದ್ದರೆ ತಕರಾರು ಸಲ್ಲಿಸಿ. ಉತ್ತರಿಸಲು ಎದುರಿನವರಿಗೆ 30 ದಿನ ಸಮಯ ಇರುತ್ತದೆ.

ಸಮುದಾಯ ನಿಯಮ ಮೀರಿದರೆ ಮೊದಲ ಸಲ ಸಾಮಾನ್ಯವಾಗಿ ಎಚ್ಚರಿಕೆ ಮಾತ್ರ. ಅದರ ನಂತರ ಮೊದಲ ಸ್ಟ್ರೈಕ್ ಬಂದರೆ 1 ವಾರ ಏನೂ ಅಪ್‌ಲೋಡ್ ಮಾಡಲು ಆಗುವುದಿಲ್ಲ. 90 ದಿನಗಳೊಳಗೆ ಎರಡನೆಯದು ಬಂದರೆ 2 ವಾರ. ಅದೇ 90 ದಿನಗಳಲ್ಲಿ ಮೂರನೆಯದೂ ಬಂದರೆ ಚಾನೆಲ್ಲೇ ಹೋಗುತ್ತದೆ. ಗಾಬರಿಯಲ್ಲಿ ವಿಡಿಯೊ ಡಿಲೀಟ್ ಮಾಡಿದರೆ ಸ್ಟ್ರೈಕ್ ಹೋಗುವುದಿಲ್ಲ. ನಿಮ್ಮದು ತಪ್ಪಿಲ್ಲ ಎನಿಸಿದರೆ ಮೇಲ್ಮನವಿ ಹಾಕಿ: ವಿಡಿಯೊದಲ್ಲಿ ಏನಿದೆ, ಯಾವ ಉದ್ದೇಶಕ್ಕೆ ಮಾಡಿದ್ದು, ಯಾವ ನಿಮಿಷದಲ್ಲಿ ಅದು ಗೊತ್ತಾಗುತ್ತದೆ. ನಾಲ್ಕು ಸಾಲು ಸಾಕು. ಬೈಗುಳ, ಬೇಡಿಕೊಳ್ಳುವುದು ಎರಡೂ ಬೇಡ.

ಇನ್‌ಸ್ಟಾಗ್ರಾಮ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ‘ಅಕೌಂಟ್ ಸ್ಟೇಟಸ್’ ಇದೆ. ಯಾವ ಪೋಸ್ಟಿನಿಂದ ತೊಂದರೆ ಆಗಿದೆ, ನಿಮ್ಮ ಪೋಸ್ಟ್‌ಗಳನ್ನು ಹೊಸಬರಿಗೆ ತೋರಿಸಲಾಗುತ್ತಿದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ. ರೀಚ್ (ಪೋಸ್ಟ್ ತಲುಪುವ ಜನರ ಸಂಖ್ಯೆ) ಬಿದ್ದಾಗ ಊಹೆ ಮಾಡುತ್ತಾ ಕೂರುವ ಬದಲು ಅದನ್ನು ತೆರೆದು ನೋಡಿ.

6. ಖಾತೆಗೆ ಬೀಗ ಹಾಕಿ

ಫಾಲೋವರ್ಸ್ ಬೆಳೆದಂತೆ ಕಳ್ಳರೂ ಬರುತ್ತಾರೆ. ‘ನೀವು ಕಾಪಿರೈಟ್ ಉಲ್ಲಂಘಿಸಿದ್ದೀರಿ, 24 ಗಂಟೆಯಲ್ಲಿ ಖಾತೆ ಡಿಲೀಟ್ ಆಗುತ್ತದೆ, ಈ ಲಿಂಕ್ ಒತ್ತಿ’ ಎಂಬ ಸಂದೇಶ ಬಂದರೆ ಒತ್ತಬೇಡಿ. ಇನ್‌ಸ್ಟಾಗ್ರಾಮ್ ಇತ್ತೀಚೆಗೆ ಕಳುಹಿಸಿದ ಅಧಿಕೃತ ಇಮೇಲ್‌ಗಳ ಪಟ್ಟಿ ಆ್ಯಪ್‌ನ ಪಾಸ್‌ವರ್ಡ್ ಮತ್ತು ಸೆಕ್ಯುರಿಟಿ ವಿಭಾಗದಲ್ಲಿದೆ. ನಿಮಗೆ ಬಂದ ಮೇಲ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅದನ್ನು ನಂಬಬೇಡಿ. ಅದೇ ವಿಭಾಗದಲ್ಲಿ ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಆನ್ ಮಾಡಿ. ಆಗ ಸಿಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಫೋನ್ ಕಳೆದುಹೋದರೂ ಅವುಗಳಿಂದ ಲಾಗಿನ್ ಆಗಬಹುದು.