ಕಪ್ಪು ತಾಯಿ, ಬಿಳಿ ಮರಿ

ಗಂಗಾವತಿ ಹತ್ತಿರ ನಮ್ಮದೊಂದು ಸಣ್ಣ ಹಂದಿ ಶೆಡ್. ಸುತ್ತ ರೈಸ್ ಮಿಲ್ಲುಗಳು, ತೌಡಿಗೆ ಬರ ಇಲ್ಲ. ಅದನ್ನು ನೋಡಿಯೇ ಈ ಕೆಲಸಕ್ಕೆ ಇಳಿದೆ.

ಮೊದಲು ತಂದಿದ್ದು ಬರೀ ಬಿಳಿ ಯಾರ್ಕ್‌ಷೈರ್. ಏಪ್ರಿಲ್ ಬಂತು ನೋಡಿ, ಮೂಲೆ ಹಿಡಿದು ಏದುಸಿರು ಬಿಡತೊಡಗಿದವು. ಹಂದಿಗೆ ನಮ್ಮ ಹಾಗೆ ಬೆವರಿ ತಣ್ಣಗಾಗಲು ಬರಲ್ಲ. ಕಿವಿ ತುದಿ ಬಿಸಿಲಿಗೆ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಊರಿನ ಕರಿ ಹಂದಿಗಳು ಮಾತ್ರ ಕಾಲುವೆ ಕೆಸರಲ್ಲಿ ಹೊರಳಾಡಿಕೊಂಡು ಆರಾಮಾಗಿದ್ದವು.

ಆಗ ಈ ತಳಿಯ ಮೂಲ ಹುಡುಕಿ ಓದಿದೆ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಊರ ಒರಟು ಹಂದಿಗೆ, ಬೇಗ ಮೈ ತುಂಬುವ ಚೀನಾ ಹಂದಿಯ ರಕ್ತ ಬೆರೆಸಿ ಮಾಡಿದ್ದಂತೆ. 1851ರ ವಿಂಡ್ಸರ್ ಪ್ರದರ್ಶನದಲ್ಲಿ ಅದನ್ನು ತೋರಿಸಿ ಹೆಸರು ಮಾಡಿದ ಜೋಸೆಫ್ ಟುಲಿ ಒಬ್ಬ ನೇಕಾರ. ಮಗ್ಗದವನು! 'ಶುದ್ಧ ತಳಿ' ಅಂತ ನಾನು ಜಾಸ್ತಿ ದುಡ್ಡು ಸುರಿದಿದ್ದೂ ಒಂದು ಕಾಲದ ಬೆರಕೆಯೇ, ಅಲ್ವಾ?

ನಾನೂ ಬೆರೆಸಿದೆ. ಊರಿನ ಎರಡು ಕಪ್ಪು ಹೆಣ್ಣು, ನನ್ನ ಬಿಳಿ ಗಂಡು. ಬೆದೆಗೆ ಬಂದ ಹೆಣ್ಣಿನ ಬೆನ್ನ ಮೇಲೆ ಕೈ ಊರಿದರೆ ಅಲುಗಾಡದೆ ನಿಲ್ಲುತ್ತದೆ, ಅದೇ ಸರಿಯಾದ ಹೊತ್ತು. ಅಲ್ಲಿಂದ 114 ದಿನ. ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆ. ನಡುರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಎಂಟು ಮರಿ. ತಾಯಿ ಇದ್ದಿಲಿನ ಹಾಗೆ, ಮರಿಗಳೆಲ್ಲ ಬಿಳಿ! ಬೆಳಿಗ್ಗೆ ಅಪ್ಪ ಬಂದು, "ತಮ್ಮಾ, ಮರಿ ಅದಲುಬದಲು ಆಗ್ಯಾವೇನೋ?" ಅಂದರು. ಯಾರ್ಕ್‌ಷೈರಿನ ಬಿಳುಪು ಕಪ್ಪನ್ನು ಮುಚ್ಚಿಬಿಡುತ್ತದೆ. ಒರೆಸಿ ನೋಡಿದಾಗ ಎರಡರ ಸೊಂಟದ ಮೇಲೆ, ಕೂದಲ ಕೆಳಗೆ, ನೀಲಿ ಮಚ್ಚೆ ಇತ್ತು. ತಾಯಿಯ ಪಾಲು ಅಷ್ಟೇ ಕಂಡಿದ್ದು. ಆದರೆ ಮುಂದಿನ ಬೇಸಿಗೆಯಲ್ಲಿ ಈ ಮರಿಗಳು ಅಪ್ಪನಷ್ಟು ಏದುಸಿರು ಬಿಡಲಿಲ್ಲ.

ಆಮೇಲೆ ಎಡವಿದೆ. ಆ ಮರಿಗಳಲ್ಲಿ ಚೆನ್ನಾಗಿದ್ದ ಹೆಣ್ಣೊಂದನ್ನು ಉಳಿಸಿಕೊಂಡು ಅದರಪ್ಪನಿಗೇ ಬಿಟ್ಟೆ. ಬೇರೆ ಗಂಡು ತರಲು ದುಡ್ಡಿರಲಿಲ್ಲ, ಸೋಮಾರಿತನವೂ ಇತ್ತು ಅನ್ನಿ. ಐದೇ ಮರಿ ಹುಟ್ಟಿದವು, ಅದರಲ್ಲಿ ಎರಡು ಮೊಲೆ ಹಿಡಿಯಲಾರದೆ ಮೂರು ದಿನಕ್ಕೆ ಹೋದವು. ಅವತ್ತಿನಿಂದ ಯಾವ ಮರಿಗೆ ಅಪ್ಪ ಯಾರು, ಅಮ್ಮ ಯಾರು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಹೆಣ್ಣು ಮರಿಗಳು ಬೆದೆಗೆ ಬರುವ ಮೊದಲೇ ಗಂಡನ್ನು ಬದಲಾಯಿಸುತ್ತೇನೆ.

ಈ ಸಲ ತಂದಿದ್ದು ಲ್ಯಾಂಡ್‌ರೇಸ್. ಅದೂ ಡೆನ್ಮಾರ್ಕಿನವರು ತಮ್ಮ ಊರ ಹಂದಿಗೆ ಇದೇ ಯಾರ್ಕ್‌ಷೈರ್ ಬೆರೆಸಿ ಮಾಡಿಕೊಂಡಿದ್ದು. ಕಿವಿಗಳು ಕಣ್ಣಿನ ಮೇಲೇ ಜೋತುಬಿದ್ದಿವೆ. ತೌಡಿನ ಬಕೆಟ್ ಸದ್ದಾದರೆ ಸಾಕು, ಮೂತಿ ಎತ್ತಿಕೊಂಡು ಗೋಡೆಗೆ ಗುದ್ದಿಕೊಂಡೇ ಬರುತ್ತದೆ.